ಪ್ಯಾನಿಗೆ ಬಿದ್ದ ಲಟ್ಟಣಿಗೆ

ನನಗೊಂದು ಕೆಟ್ಟ ಚಾಳಿಯಿದೆ. ಯಾವ ಸಂಗತಿಯನ್ನೂ ಇದ್ದಷ್ಟೇ ಹೇಳಲು ನನ್ನಿಂದಾಗದು. ನಮ್ಮ ವೆಂಬ್ಲಿ ಮನೆಯ ಹಿತ್ತಿಲು ಎರಡು ಚಾಪೆ ಹಾಸುವಷ್ಟಿದೆ. ಕೇಳಿದವರಿಗೆ ನಾನು ಹೇಳುವುದು ಕ್ರಿಕೆಟ್ ಮೈದಾನ. ಹಾಗಾಗಿ ಪಕ್ಕದ ಮನೆಯ ಡೆನ್ಜಿಲ್ ಅಂಕಲ್ ನನಗೆ ಸ್ಟೀಲ್ ಪ್ಯಾನಿನಲ್ಲಿ ಒಂದೂವರೆ ಹಾಡು ಕಲಿಸಿದ್ದೇ ತಡ, ಈ ಸಲ ನಾಟಿಂಗ್ ಹಿಲ್ ಕಾರ್ನಿವಲ್ಲಿನ ಬೀದಿ ಮೆರವಣಿಗೆಯಲ್ಲಿ ಮೊದಲ ಸಾಲಿನಲ್ಲಿ ನುಡಿಸುವುದು ನಾನೇ ಎಂದು ಶಾಲೆಗೆಲ್ಲ ಸಾರಿಬಿಟ್ಟೆ.

ಡೆನ್ಜಿಲ್ ಅಂಕಲ್ ಟ್ರಿನಿಡಾಡಿನವರು, ಮೂವತ್ತು ವರ್ಷ ಲಂಡನ್ನಿನಲ್ಲಿ ಬಸ್ಸು ಓಡಿಸಿ ನಿವೃತ್ತರಾದವರು. ಪ್ರತಿ ಕಾರ್ನಿವಲ್ಲಿನಲ್ಲೂ ತಮ್ಮ ತಂಡದ ಮೊದಲ ಸಾಲಿನಲ್ಲಿ ಪ್ಯಾನ್ ನುಡಿಸುವವರು. ಪ್ಯಾನ್ ಎಂದರೆ ಬಾಣಲೆಯಲ್ಲ, ಗಿಡ್ಡಗೆ ಕತ್ತರಿಸಿದ ಎಣ್ಣೆಯ ಡ್ರಮ್ಮು. ಅದರ ತಳವನ್ನು ಸುತ್ತಿಗೆಯಿಂದ ಬಡಿದು ಬಡಿದು ತಗ್ಗಿಸಿ, ಒಂದೊಂದು ಉಬ್ಬಿಗೂ ಒಂದೊಂದು ಸ್ವರ ಕೂಡಿಸುತ್ತಾರೆ. ಹಿಂದೆ ಅವರ ದ್ವೀಪದಲ್ಲಿ ಬ್ರಿಟಿಷ್ ಸರಕಾರ ಚರ್ಮದ ವಾದ್ಯ ಬಾರಿಸಬಾರದು ಎಂದಿತಂತೆ. ಜನ ಬಿದಿರು ಕುಟ್ಟಿದರು. ಆಮೇಲೆ ಬಿಸ್ಕತ್ತಿನ ಡಬ್ಬ. ಕೊನೆಗೆ ಈ ಡ್ರಮ್ಮು. ಇಷ್ಟು ಹಟದ ವಾದ್ಯ ಇಷ್ಟು ನಾಜೂಕು ಎಂದು ಯಾರಿಗೆ ಗೊತ್ತಿತ್ತು? ನನಗೇ ಗೊತ್ತಿತ್ತು. ತುದಿಗೆ ರಬ್ಬರು ಸುತ್ತಿದ ಕಡ್ಡಿಯ ಹೊರತು ಬೇರೇನೂ ತಾಗಿಸಬೇಡ ಎಂದು ಅವರು ಹತ್ತು ಸಲ ಹೇಳಿದ್ದರು. ನನ್ನ ಹತ್ತು ಅಂದರೆ ಎರಡು.

ಆ ವರ್ಷ ಗಣಪತಿ ಹಬ್ಬ ಕಾರ್ನಿವಲ್ಲಿಗೆ ಐದು ದಿನ ಮುಂಚೆ ಬಂತು. ಧಾರವಾಡ, ಬೆಳಗಾವಿ ಕಡೆಯ ಏಳೆಂಟು ಮನೆಯವರು ನಮ್ಮಲ್ಲಿ ಸೇರಿದ್ದರು. ಇಲ್ಲಿ ಗಣಪತಿಯನ್ನು ಕಳಿಸುವುದು ಹಿತ್ತಿಲಿನ ಬಕೆಟ್ಟಿನಲ್ಲಿ. ಮೆರವಣಿಗೆಯೆಂದರೆ ಸೋಫಾದಿಂದ ಹೊರಟು ಅಡುಗೆಮನೆ ದಾಟಿ ಬಕೆಟ್ಟಿನವರೆಗೆ. ಅಂಕಲ್ ಕ್ರೋಯ್ಡನ್ನಿನ ಮಗಳ ಮನೆಗೆ ಹೋಗುವಾಗ, ಅಭ್ಯಾಸ ಮಾಡು ಎಂದು ಒಂದು ದಿನದ ಮಟ್ಟಿಗೆ ಪ್ಯಾನ್ ಕೊಟ್ಟಿದ್ದರು. ಅದನ್ನು ಕೊರಳಿಗೆ ನೇತುಹಾಕಿಕೊಂಡು ಮೆರವಣಿಗೆಯ ಮುಂದೆ ನಿಂತೆ. ಒಂದೂವರೆ ಹಾಡು ಸೋಫಾ ದಾಟುವುದರೊಳಗೆ ಮುಗಿಯಿತು. ರಬ್ಬರು ಕಡ್ಡಿಯ ಸದ್ದು ಮೂವತ್ತು ಜನರ ‘ಮೋರಯಾ’ದಲ್ಲಿ ಮುಳುಗುತ್ತಿತ್ತು. ಯಾರೋ ಜೋರಾಗಲಿ ಎಂದರು. ಅಡುಗೆಮನೆಯಲ್ಲಿ ಕೈಗೆ ಸಿಕ್ಕಿದ್ದು ಅವ್ವನ ಲಟ್ಟಣಿಗೆ. ಹಲಗಿ ಬಾರಿಸಿದಂತೆ ಬಾರಿಸಿದೆ. ಜನ ಕುಣಿದರು. ಗಣಪತಿ ಮುಳುಗಿದ. ಅಷ್ಟು ಚಪ್ಪಾಳೆ ಅದಕ್ಕೆ ಮುಂಚೆಯೂ ಆಮೇಲೂ ನನಗೆ ಸಿಕ್ಕಿಲ್ಲ.

ಮರುದಿನ ಕಡ್ಡಿ ತಾಗಿಸಿದರೆ ಸ್ವರಗಳು ನೆಗಡಿ ಹಿಡಿದವರಂತೆ ಮಾತಾಡಿದವು. ಲಂಡನ್ನಿನ ಚಳಿಗೆ ಲೋಹ ಕುಗ್ಗಿತೆಂದು ಹೇಳಲು ನಾನು ಇದ್ದಬದ್ದ ವಿಜ್ಞಾನವನ್ನೆಲ್ಲ ಬಾಯಿಬಿಟ್ಟೇ ಹೊಂದಿಸತೊಡಗಿದೆ. ತಿಂಗಳು ಆಗಸ್ಟ್. ಅವ್ವ ಲಟ್ಟಣಿಗೆ ತೊಳೆಯುತ್ತಿದ್ದಳು.

“ನೀ ಬಾರಿಸಿದ್ದು ಇಡೀ ಓಣಿಗೆ ಕೇಳೇತಿ. ಥಂಡಿ-ಗಿಂಡಿ ಅನಬ್ಯಾಡ. ಹೋಗಿ ಖರೆ ಹೇಳಿ ಬಾ,” ಅಂದಳು.

ಹೇಳಿದೆ. ಅಂಕಲ್ ಬೈಯಲಿಲ್ಲ. ನಾಲ್ಕು ಸ್ವರ ಮುಟ್ಟಿ ನೋಡಿ ಕಡ್ಡಿ ಕೆಳಗಿಟ್ಟರು. ಯಾರ ಹತ್ತಿರವಾದರೂ ಸರಿ ಮಾಡಿಸೋಣ ಎಂದೆ. ಅವರು ತಮ್ಮ ಇಂಗ್ಲಿಷಿನಲ್ಲಿ ಹೇಳಿದ್ದು ಇಷ್ಟು:

“ಮಾಡಿಸಬಹುದು ಮಗಾ. ಇದನ್ನ ಬಡಿದು ಮಾಡಿದವನು ನನ್ನ ತಮ್ಮ. ಅವನು ತೀರಿಕೊಂಡು ಆರು ವರ್ಷ ಆಯ್ತು. ಬೇರೆ ಕೈ ಬಿದ್ದರೆ ಅದು ಆ ಕೈಯ ಸ್ವರ ಆಗುತ್ತೆ.”

ತಂಡದವರು ಬೇರೆ ಪ್ಯಾನ್ ಕೊಡುತ್ತೇವೆಂದರೂ ಅಂಕಲ್ ಬೇಡವೆಂದರಂತೆ. ಆದರೂ ಕಾರ್ನಿವಲ್ಲಿಗೆ ಬಂದರು. ವಾದ್ಯಗಳನ್ನೂ ನುಡಿಸುವವರನ್ನೂ ಹೊತ್ತ ಗಾಲಿಬಂಡಿಯನ್ನು ದಾರಿಯುದ್ದಕ್ಕೂ ಜನರೇ ತಳ್ಳಬೇಕು. ಅಂಕಲ್ ತಳ್ಳುವವರ ಸಾಲಿನಲ್ಲಿ ನಿಂತು, ಪಕ್ಕದಲ್ಲಿ ನನಗೂ ಜಾಗ ಮಾಡಿಕೊಟ್ಟರು. ಸುತ್ತ ನವಿಲುಗಳು ನಾಚುವಂಥ ಗರಿ ಕಟ್ಟಿಕೊಂಡು ಊರೇ ಕುಣಿಯುತ್ತಿತ್ತು. ನನ್ನ ಕಣ್ಣು ಮಾತ್ರ ಮೊದಲ ಸಾಲಿನಲ್ಲಿ ಖಾಲಿ ಉಳಿದಿದ್ದ ಒಂದು ಜಾಗಕ್ಕೆ ಅಂಟಿಕೊಂಡಿತ್ತು. ಪಕ್ಕದಲ್ಲಿ ಅಂಕಲ್ಲರ ಬೆರಳುಗಳು ಬಂಡಿಯ ಸರಳಿನ ಮೇಲೆ ತಮ್ಮ ಪಾಲಿನ ಸ್ವರಗಳನ್ನು ಸದ್ದಿಲ್ಲದೆ ನುಡಿಸುತ್ತಲೇ ಇದ್ದವು.

ರಜೆ ಮುಗಿದು ಶಾಲೆ ತೆರೆದಾಗ ಎಲ್ಲರೂ ಕೇಳಿದರು, ಮೊದಲ ಸಾಲು ಹೇಗಿತ್ತು ಎಂದು. ನಾನು ನುಡಿಸಲಿಲ್ಲ, ಹಿಂದಿನಿಂದ ಬಂಡಿ ತಳ್ಳಿದೆ ಎಂದೆ. ಹುಟ್ಟಿದಾಗಿನಿಂದ ಅವ್ವ ಹೇಳದೆಯೇ ಇದ್ದದ್ದನ್ನು ಇದ್ದಷ್ಟೇ ಹೇಳಿದ್ದು ಅದೊಂದೇ ಸಲ. ಎಲ್ಲರೂ ಅದನ್ನು ವಿನಯ ಎಂದುಕೊಂಡರು.