ಸೆಂಟು ಪೂಸಿಕೊಂಡ ರೇಷ್ಮೆ ಬೆಳೆಗಾರ

ಅಲ್ರಪ್ಪಾ, ಇವತ್ತು ದೊಡ್ಡಬಳ್ಳಾಪುರದಲ್ಲಿ ಅತ್ತೆಯ ಜೊತೆ ಪ್ರೇಮ, ಹಾಸ್ಯ ಬೆರೆತ ಹೊಸ ಸಿನಿಮಾಗೆ ಹೋಗಿದ್ದೆ. ಹೀರೋ ರೇಷ್ಮೆ ಬೆಳೆಗಾರನಂತೆ. ಸೆಂಟು ಪೂಸಿಕೊಂಡು, ಶೂ ಸಮೇತ ಹುಳದ ಮನೆಗೆ ನುಗ್ಗಿ ಹೀರೋಯಿನ್ ಜೊತೆ ಕುಣಿದ. ಮೂವತ್ತು ವರ್ಷದಿಂದ ಹುಳ ಸಾಕುತ್ತಿರುವ ನಮ್ಮತ್ತೆ ಎದ್ದು ನಿಂತೇಬಿಟ್ಟರು.

"ಲೇ, ಆಚೆಗೆ ಬಾರೋ! ಆ ವಾಸ್ನೆಗೆ ಹುಳ ಎಲ್ಲಾ ಸತ್ತೋಯ್ತವೆ!"

ಇಡೀ ಟಾಕೀಸು ಶಿಳ್ಳೆ ಹೊಡೆಯಿತು.

"ನೋಡೋಕೆ ಚೆನ್ನಾಗವ್ನಲ್ಲಾ, ಅತ್ತೆ" ಎಂದೆ.

"ಚೆನ್ನಾಗಿದ್ರೆ ಆಯ್ತಾ? ಈ ಪಾತ್ರಕ್ಕೆ ನಮ್ ಮಂಜನ್ನ ಹಾಕ್ಬೇಕಿತ್ತು."

ಮಂಜ ಅವರ ಮಗ, ನನ್ನ ಗಂಡ. ನಕ್ಕು ನಕ್ಕು ಪಾಪ್‌ಕಾರ್ನ್ ಪೂರ್ತಿ ಚೆಲ್ಲಿಕೊಂಡೆ. ಮದುವೆಯಾದ ಹೊಸದರಲ್ಲಿ ನಾನು ಸೆಂಟು ಹಾಕಿಕೊಂಡು ಹುಳದ ಮನೆಯ ಬಾಗಿಲಲ್ಲಿ ನಿಂತಾಗ ಆ ಮಹಾನುಭಾವ ಆಡಿದ ಮೊದಲ ಪ್ರೇಮದ ಮಾತು: "ಹೋಗಿ ಸ್ನಾನ ಮಾಡ್ಕೊಂಡ್ ಬಾ."