ವೀರಣ್ಣನ ಸೈಲೆನ್ಸರಿನ ತೂಬು

ಶಿಕಾರಿಪುರದಲ್ಲಿ ನಮ್ಮ ಪಕ್ಕದ ಮನೆಯ ವೀರಣ್ಣ ಬದುಕಿದ್ದಾಗ ಅವರ ಕಾರು ಮೊದಲು ಕಿವಿಗೆ ಬೀಳುತ್ತಿತ್ತು, ಆಮೇಲೆ ಕಣ್ಣಿಗೆ. ಸೊರಬದ ರಸ್ತೆಯ ತಿರುವಿನಲ್ಲಿ ಅದು ಗುಡುಗಿದರೆ ಅವರ ಹೆಂಡತಿ ಇಲ್ಲಿ ರೊಟ್ಟಿ ತಟ್ಟಲು ಕೂರುತ್ತಿದ್ದರು. ವೀರಣ್ಣ ಕೈಕಾಲು ತೊಳೆದು ಬರುವುದಕ್ಕೂ ರೊಟ್ಟಿ ಉಬ್ಬುವುದಕ್ಕೂ ಸರಿಹೋಗುತ್ತಿತ್ತು.

ಅವರದು ಪಂಪ್‌ಸೆಟ್ ಮೋಟರ್ ರಿಪೇರಿಯ ಅಂಗಡಿ. ರೈತರ ಕೆಲಸ ಮುಗಿದ ಮೇಲೆ ಉಳಿದ ಹೊತ್ತನ್ನೆಲ್ಲ ತಮ್ಮ ಹಳೆಯ ಕಾರಿನ ಸೈಲೆನ್ಸರಿಗೆ ಧಾರೆ ಎರೆದಿದ್ದರು. ಹೊಗೆಯ ಕೊಳವೆಯನ್ನು ನಡುವೆ ಕೊಯ್ದು ಒಂದು ಮುಚ್ಚಳ ಕೂರಿಸಿದ್ದರು. ಅದನ್ನು ತಿರುಗಿಸಲು ಗುಜರಿಯಿಂದ ತಂದ ವೈಪರ್ ಮೋಟರು. ಮೋಟರಿಗೆ ಅಪ್ಪಣೆ ಕೊಡಲು, ಕೆಟ್ಟ ಟಿವಿಯ ಬಿಡಿಭಾಗಗಳಿಗೆ ಬೆಸುಗೆ ಹಾಕಿ ತಾವೇ ಮಾಡಿದ ಸರ್ಕ್ಯೂಟು. ಅದರ ವಾಸ ಒಂದು ಸೋಪಿನ ಡಬ್ಬಿಯಲ್ಲಿ. ಕೊಳವೆಯ ಮುಚ್ಚಳ ಮುಚ್ಚಿದರೆ ಹೊಗೆ ಸೈಲೆನ್ಸರಿನ ಮೂಲಕ ಹೋಗಿ ಕಾರು ಸಂಭಾವಿತ, ತೆರೆದರೆ ನೇರ ಹೊರಬಿದ್ದು ಗುಡುಗು.

"ಕೆರೆಗೆ ತೂಬಿಲ್ವೇನು ತಮ್ಮಾ? ಹಂಗೇ ಇದು. ಸದ್ದು ಬೇಕಾದಾಗ ಬಿಡಬೇಕು, ಬ್ಯಾಡಾದಾಗ ಕಟ್ಟಬೇಕು" ಎನ್ನುತ್ತಿದ್ದರು. ಬೇಡವಾದ ಸಂದರ್ಭ ಅವರಿಗೆ ಬಂದದ್ದನ್ನು ನಾನಂತೂ ಕಂಡಿರಲಿಲ್ಲ.

ಪೊಲೀಸರ ಕಣ್ಣಿಗೆ ಬೀಳಬಾರದೆಂದು, ಕಾರಿನೊಳಗಿದ್ದ ಈಶ್ವರನ ಫೋಟೋದ ದೀಪಕ್ಕೂ ಈ ತೂಬಿಗೂ ಒಂದೇ ಸ್ವಿಚ್ಚು ಮಾಡಿದ್ದರು. ದೀಪ ಹತ್ತಿತೆಂದರೆ ತೂಬು ತೆರೆಯಿತು. "ದೇವರ ಸ್ವಿಚ್ಚಿಗೆ ಯಾವ ಪೊಲೀಸಪ್ಪ ಕೈ ಹಾಕ್ತಾನ್ರೀ?" ಯಾರೂ ಹಾಕಲಿಲ್ಲ. ಹಾಕಿದ್ದು ನಮ್ಮವ್ವ.

ನನಗೆ ಆಗ ಮೂವತ್ತಾರು ದಾಟಿತ್ತು. ನೋಡಿದ ಹೆಣ್ಣಿನವರೆಲ್ಲ "ತಿಳಿಸ್ತೀವಿ" ಎಂದು ಕಳಿಸಿ, ತಿಳಿಸದೆ ಉಳಿದಿದ್ದರು. ಜಡೆ ಎಂಬ ಊರಿನಲ್ಲಿ ಶಶಿಕಲಾ ಎಂಬ ಹುಡುಗಿ ಇದ್ದಾಳೆಂದು ವೀರಣ್ಣನೇ ಸಂಬಂಧ ಹುಡುಕಿ, ತಮ್ಮ ಕಾರಿನಲ್ಲೇ ಕರೆದೊಯ್ದರು. ದಾರಿಯುದ್ದಕ್ಕೂ ತೂಬು ಕಟ್ಟಿಯೇ ಇತ್ತು. ಹುಡುಗಿಯ ಮನೆ ಮುಂದೆ ಅವರು ರಿವರ್ಸ್ ತೆಗೆಯುತ್ತಿದ್ದಾಗ ಮುಂದಿನ ಸೀಟಿನ ಅವ್ವ, "ಶುಭಕಾರ್ಯಕ್ಕೆ ಬಂದೀವಿ, ದೇವರ ಮುಂದೆ ದೀಪಿಲ್ಲ ನೋಡು" ಎಂದು ಸ್ವಿಚ್ ಒತ್ತಿ ಕೈಮುಗಿದಳು.

ಅಂಗಳದಲ್ಲಿ ಕಟ್ಟಿದ್ದ ಎಮ್ಮೆ ಹಗ್ಗ ಕಿತ್ತುಕೊಂಡು ಓಡಿತು. ಕಾಲಿಗೆ ನೀರು ಕೊಡಲು ಬಂದಿದ್ದ ಹುಡುಗಿಯ ತಂದೆ ತಂಬಿಗೆಯನ್ನು ಒಳಗಿಟ್ಟು ಬಂದರು. "ಹೆಣ್ಣು ಕೇಳೋಕೆ ಬರೋ ರೀತಿನಾ ಇದು? ಬಂದ ದಾರಿ ಹಿಡೀರಿ."

ವೀರಣ್ಣ ದೀಪ ಆರಿಸಿ ತೂಬು ಮುಚ್ಚಿದರು, ಇಂಜಿನ್ ನಿಲ್ಲಿಸಿದರು. ಸೋಪಿನ ಡಬ್ಬಿ ಕಿತ್ತು ಅಂಗಳಕ್ಕೆ ತಂದು, ಅವರೆಲ್ಲ ನೋಡುತ್ತಿದ್ದಂತೆ ಅದರ ತಂತಿಗಳನ್ನು ಒಂದೊಂದಾಗಿ ಕತ್ತರಿಸಿದರು. ವರ್ಷಗಟ್ಟಲೆ ಕೂತು ಮಾಡಿದ ಕೆಲಸ ಅದು.

"ತಪ್ಪು ನಂದು ಯಜಮಾನ್ರೇ, ಹುಡುಗಂದಲ್ಲ. ಇನ್ನು ಈ ಗಾಡಿ ಬಾಯಿ ಬಿಡಲ್ಲ. ಹುಡುಗನ್ನ ಒಂದ್ಸಲ ನೋಡ್ರಿ."

ಹುಡುಗಿಯ ತಂದೆ ಡಬ್ಬಿ ನೋಡಿದರು, ನನ್ನನ್ನು ನೋಡಿದರು. ತಂಬಿಗೆ ಮತ್ತೆ ಹೊರಗೆ ಬಂತು.

ಮದುವೆಯಾದ ಮೇಲೆ ಮಾವನವರೇ "ಈಗ ಜೋಡಿಸ್ಕೊಳ್ಳಿ ವೀರಣ್ಣ, ನಂದೇನೂ ಅಭ್ಯಂತರ ಇಲ್ಲ" ಎಂದರು. "ಮಾತು ಕೊಟ್ಟೀನಲ್ರೀ" ಎಂದು ಇವರು ಒಪ್ಪಲಿಲ್ಲ. ವೀರಣ್ಣನ ಹೆಂಡತಿ ರೊಟ್ಟಿಯನ್ನು ಮೊದಲೇ ಸುಟ್ಟು ಮುಚ್ಚಿಡತೊಡಗಿದರು.

ಕೊನೆಯ ಸಲ ನಾನು ಅವರನ್ನು ಕಂಡದ್ದು ಜಡೆಯಲ್ಲೇ. ಶಶಿಕಲಾಳ ಬಾಣಂತನ. ಮಗುವನ್ನು ನೋಡಲು ಬಂದವರು ಬಾಗಿಲಲ್ಲಿ ಕೆಮ್ಮಿದಾಗಲೇ ನಮಗೆ ತಿಳಿದದ್ದು.

"ಅಯ್ಯೋ ಅಣ್ಣ, ಬಂದಿದ್ದೇ ಗೊತ್ತಾಗ್ಲಿಲ್ಲ" ಎಂದಳು ಶಶಿಕಲಾ.

"ಹೂಂ ಕಣವ್ವ, ಈಗ ಯಾರಿಗೂ ಗೊತ್ತಾಗಲ್ಲ" ಎಂದು ನಕ್ಕರು.

ಟೀ ಕುಡಿದು ಎದ್ದರು. ನನ್ನ ತೊಡೆಯ ಮೇಲೆ ಮಗು ಆಗಷ್ಟೇ ನಿದ್ದೆ ಹೋಗಿತ್ತು. ಅದನ್ನು ಮೆಲ್ಲಗೆ ಇಳಿಸಿ, ಕಳಿಸಿಕೊಡಲೆಂದು ಅಂಗಳಕ್ಕೆ ಬಂದೆ. ಕಾರು ಆಗಲೇ ಹೋಗಿತ್ತು. ಮಗು ಮಿಸುಕಾಡಿರಲಿಲ್ಲ.