ಔಷಧಿ ಹೊಡೆಯುವ ದಿನದ ಭಡಂಗ

ನಿನ್ನೆ ಸಂಜೆ ಬಾಲ್ಕನಿಯಲ್ಲಿ ಚಹಾ ಹಿಡಿದು ನಿಂತಿದ್ದೆ. ಕೆಳಗಿನಿಂದ ಆ ವಾಸನೆ ಬಂತು. ಮೊದಲು ಘಾಟು, ಅದರ ಬೆನ್ನಿಗೆ ಒಂದು ಹುಸಿ ಸಿಹಿ. ಸಾಂಗಲಿಯ ನಮ್ಮ ಸೊಸೈಟಿಯ ತೋಟಕ್ಕೆ ಔಷಧಿ ಹೊಡೆಯುವವನು ಬಕೀಟಿನಲ್ಲಿ ಕಲಸುತ್ತ ಕೂತಿದ್ದ. ಆಫೀಸಿಗೆ ಹೋಗುವವರಿಗೆ ತೊಂದರೆಯಾಗದಿರಲಿ ಎಂದು ಕಮಿಟಿ ಗೊತ್ತುಮಾಡಿದ ಹೊತ್ತು ಸಂಜೆ ಆರು. ಆ ಹೊತ್ತಿಗೆ ಜೋಕಾಲಿಯ ಸುತ್ತ ಯಾರಿರುತ್ತಾರೆಂದು ಯಾರೂ ಕೇಳಿರಲಿಲ್ಲ. ನಿಯಮ ಮಾಡುವವರು ಆರಕ್ಕೆ ಟಿವಿಯ ಮುಂದಿರುತ್ತಾರೆ, ನೋಡಿ.

ಆ ವಾಸನೆ ಬಂದರೆ ನನಗೆ ಕಾಕಾ ನೆನಪಾಗುತ್ತಾರೆ. ಮಿರಜದಿಂದ ಆರಗದ ಬಸ್ಸು ಹತ್ತಿದರೆ ದಾರಿಯಲ್ಲಿ ಇಳಿಯುವ ಹಳ್ಳಿ ನಮ್ಮದು. ಅಪ್ಪನ ತಮ್ಮ, ನಮ್ಮ ಕಾಕಾ, ಕಬ್ಬು ತೆಗೆದು ದ್ರಾಕ್ಷಿ ಹಚ್ಚಿದ್ದರು. ಹೊರದೇಶಕ್ಕೆ ಮಾಲು ಕಳಿಸಬಹುದೆಂದು ಇಡೀ ಸೀಮೆಗೇ ಹುರುಪು ಬಂದಿದ್ದ ಕಾಲ ಅದು. ತೋಟಕ್ಕೂ ಕನ್ನಡ ಶಾಲೆಗೂ ನಡುವೆ ಒಂದು ಮೋಟುಗೋಡೆ. ಗಾಳಿ ತಿರುಗಿದರೆ ಟ್ರಾಕ್ಟರಿನ ಬ್ಲೋವರು ಎರಚಿದ ಮಂಜು ನೇರ ಪ್ರಾರ್ಥನೆಯ ಸಾಲಿನ ಮೇಲೆ. ಕಾಕಾನ ಮಗಳು ಪಿಂಕಿ ಅಲ್ಲೇ ಒಂದನೇ ಇಯತ್ತೆ. ಕಣ್ಣು ಕೆಂಪಗೆ ಮಾಡಿಕೊಂಡು, ಕೆಮ್ಮುತ್ತ ಮನೆಗೆ ಬರುತ್ತಿದ್ದಳು.

ನಾನಾಗ ಮಿರಜದ ಹೈಸ್ಕೂಲಿನಲ್ಲಿ ಚರ್ಚಾಸ್ಪರ್ಧೆಯ ಹುಲಿ. ಗೆದ್ದು ತಂದ ಕಪ್ಪುಗಳಲ್ಲಿ ಅವ್ವ ಸಾಸಿವೆ ಜೀರಿಗೆ ತುಂಬಿಡುತ್ತಿದ್ದಳು, ಅದು ಬೇರೆ ಮಾತು. ಮನೆಯಲ್ಲಿ ನನ್ನ ಹೆಸರು ವಕೀಲಬಾಯಿ.

ನಮ್ಮದು ಜೈನರ ಮನೆ. ಅಷ್ಟಮಿ, ಚತುರ್ದಶಿಗೆ ಕಾಕಾ ಔಷಧಿ ಹೊಡೆಯುತ್ತಿರಲಿಲ್ಲ. ಪರ್ವದ ದಿನ ಹುಳದ ಜೀವ ತೆಗೆಯಬಾರದು. “ನವಮಿಗೆ ಸತ್ತರ ಹುಳಕ್ಕ ನೋವಾಗೂದಿಲ್ಲೇನ್ರಿ ಕಾಕಾ?” ಎಂದು ನಾನು ಬಿಡದೆ ಕಾಡುತ್ತಿದ್ದೆ.

“ಹುಳಕ್ಕ ಏನಾಗತದೋ ನನಗ ಗೊತ್ತಿಲ್ಲವಾ. ನನ್ನ ಕೈಯರೇ ನಾಕ ದಿನ ಸುಮ್ಮ ಇರತಾವಲ್ಲ!”

ಇದೂ ಒಂದು ವಾದವೇ ಎಂದು ನಾನು ನಗುತ್ತಿದ್ದೆ. ನನಗೆ ಕಾಯಿದೆ ಬೇಕಿತ್ತು. ಶಾಲೆಯ ವೇಳೆಯಲ್ಲಿ ಪಕ್ಕದ ತೋಟಕ್ಕೆ ಔಷಧಿ ಹೊಡೆಯಕೂಡದೆಂದು ಊರಸಭೆಯಲ್ಲಿ ಭಾಷಣ ಬಿಗಿದು ಠರಾವು ಪಾಸು ಮಾಡಿಸಿದೆ. ಎಲ್ಲರೂ ಚಪ್ಪಾಳೆ ತಟ್ಟಿದರು, ಕಾಕಾ ಎಲ್ಲರಿಗಿಂತ ಜೋರಾಗಿ. ಮರುದಿನ ಪ್ರಾರ್ಥನೆಯ ಹೊತ್ತಿಗೆ ಸರಿಯಾಗಿ ಬ್ಲೋವರು ಗರ್ರ್ ಎಂದಿತು.

“ನಿನ್ನೆ ಚಪ್ಪಾಳಿ ಬಾರಿಸಿದ್ರಲ್ಲ ಕಾಕಾ!”

“ಭಾಷಣ ಚಲೋ ಮಾಡಿದ್ದಿ, ಬಾರಿಸಿದೆ.”

“ವಿಲಾಯತಿ ಮಂದಿ ತಿನ್ನೂ ದ್ರಾಕ್ಷಿಗೆ ಕಟಾವಿನಕಿಂತ ಮೊದಲ ಔಷಧಿ ಬಂದ್ ಮಾಡತೀರಿ. ನಮ್ಮ ಪಿಂಕಿ ಏನ ಪಾಪ ಮಾಡ್ಯಾಳ?”

“ಅವರು ತಪಾಸಣಿ ಮಾಡಿ ಮಾಲು ಹೊಳ್ಳಿ ಕಳಸ್ತಾರ. ಮೋಡ ಆತಂದ್ರ ಹೂವಿಗೆ ಬೂಷ್ಟು ಬೀಳತದ, ತಡಾ ಮಾಡಿದರ ವರ್ಷದ ಬೆಳಿ ಹೋತು. ಮೋಡ ಏನ ಸಾಲಿ ಘಂಟಿ ಕೇಳಿ ಬರತಾವೇನು?”

ಒಳ್ಳೆಯ ಏಟು. ಸೋಲುವ ವಾದಿ ಮಾಡುವುದನ್ನೇ ಮಾಡಿದೆ, ಎದುರಾಳಿಯ ಆಯುಧ ಎತ್ತಿಕೊಂಡೆ. “ಹುಳಕ್ಕ ತಿಂಗಳದಾಗ ನಾಕ ದಿನ ಬಿಟ್ಟೀರಿ. ಕೂಸುಗಳಿಗೆ ಒಂದರೇ ದಿನ ಬಿಟ್ಟೀರೇನು?”

ಬಟ್ಟೆಯಲ್ಲಿ ನೀರು ಸೋಸುತ್ತಿದ್ದ ಆಯಿ, ನಮ್ಮ ಅಜ್ಜಿ, ಕೈ ನಿಲ್ಲಿಸಿದಳು. ಒಳಗೆ ಪಿಂಕಿ ಕೆಮ್ಮಿದಳು. ಸಂಜೆ ಕಾಕಾ ಬಸದಿಗೆ ಹೋಗಿ ದೇವರ ಮುಂದೆ ನಿಯಮ ಹಿಡಿದರು. ಅದರ ಮಾತು ಹೇಳಿಕೊಟ್ಟವಳು ನಾನೇ, ಎಲ್ಲೂ ಸಂದು ಬಿಡದಂತೆ: ಶಾಲೆಯ ಅಂಗಳದಲ್ಲಿ ಒಂದೇ ಒಂದು ಮಗು ಇದ್ದರೂ ಔಷಧಿ ಹೊಡೆಯುವುದಿಲ್ಲ.

ಹೂ ಬಿಟ್ಟ ವಾರದಲ್ಲೇ ಮೋಡ ಕವಿಯಿತು. ಕಾಕಾನ ಸಂಕಟ ನೋಡಲಾರದೆ ಶಾಲೆಯ ಗುರುಗಳು ಮಕ್ಕಳನ್ನು ಬೇಗನೆ ಬಿಟ್ಟರು. ಮಕ್ಕಳು ಮನೆಗೆ ಹೋಗಬೇಕಲ್ಲ? ಟ್ರಾಕ್ಟರಿನ ಆಟ ನೋಡಲು ಮೋಟುಗೋಡೆಯ ಮೇಲೆ ಸಾಲಾಗಿ ಕೂತರು.

“ಮನೀಗೆ ಹೋಗ್ರೋ!”

“ನೀವು ಚಾಲೂ ಮಾಡ್ರಿ ಕಾಕಾ, ನೋಡಿ ಹೋಗತೀವಿ!”

“ನೀವು ಹ್ವಾದ ಮ್ಯಾಲೆ ಚಾಲೂ ಮಾಡಾಂವ ನಾ!”

“ನೀವು ಚಾಲೂ ಮಾಡಿದ ಮ್ಯಾಲೆ ಹೋಗೋರು ನಾವು!”

ಕಾಕಾ ಮುಗಿಲು ನೋಡಿದರು, ಆಮೇಲೆ ನನ್ನನ್ನು. “ವಕೀಲಬಾಯಿ, ಗ್ವಾಡಿ ಅಂಗಳದಾಗ ಬರತದೋ ಇಲ್ಲೋ?”

ಗೋಡೆಯತ್ತ ನೋಡಿ ಹೇಳಿದೆ: “ಬರತದ್ರಿ.”

ವರ್ಷದ ಬೆಳೆ ಆ ಗೋಡೆಯ ಮೇಲೆ ಕಾಲಾಡಿಸುತ್ತ ಕೂತಿತ್ತು. ಠರಾವಿಗೆ ಚಪ್ಪಾಳೆ ತಟ್ಟಿ ಮರೆತ ಅದೇ ಮನುಷ್ಯ ಟ್ರಾಕ್ಟರಿನ ಕೀಲಿಕೈ ಮುಟ್ಟಲಿಲ್ಲ. ಯಾರೂ ಬಂದು ದಂಡ ಹಾಕುವವರಿರಲಿಲ್ಲ. ತರ್ಕಕ್ಕೆ ಸಿಗದ ಆ ನಾಲ್ಕು ತಿಥಿಗಳು ಇಷ್ಟು ವರ್ಷ ಆ ಕೈಗಳನ್ನು ಪಳಗಿಸಿದ್ದವು ಎಂದು ನನಗೆ ಹೊಳೆದದ್ದು ಆಗ. ಒಪ್ಪಿಕೊಳ್ಳಲು ಇನ್ನೂ ಕೆಲವು ವರ್ಷ ಬೇಕಾದವು.

ಕಡೆಗೆ ಬಂದವಳು ಆಯಿ, ಕಂಕುಳಲ್ಲಿ ಭಡಂಗದ ಡಬ್ಬಿ. ಶೇಂಗಾ, ಖಾರ ಹಚ್ಚಿದ ಚುರುಮುರಿ; ಬೆಳ್ಳುಳ್ಳಿಯಿಲ್ಲದ ನಮ್ಮ ಮನೆಯ ಭಡಂಗ. ಗೋಡೆಯ ಮುಂದೆ ಮುಚ್ಚಳ ತೆಗೆದಳು, ಘಮ ಹರಡುತ್ತಲೇ ಮತ್ತೆ ಮುಚ್ಚಿದಳು, ದೂರದ ಬಸದಿಯ ಓಣಿಯತ್ತ ನಡೆದಳು. ಇಡೀ ಶಾಲೆ ಡಬ್ಬಿಯ ಹಿಂದೆ ಹೋಯಿತು. ಗೋಡೆ ತೆರವಾದ ಕೂಡಲೇ ಬ್ಲೋವರು ಗರ್ರ್ ಎಂದಿತು.

ಒಂದಿಷ್ಟು ಗೊಂಚಲು ಹಾಳಾದವು, ಹೆಚ್ಚಿನವು ಉಳಿದವು. ಪಿಂಕಿಯ ಕೆಮ್ಮು ನಿಂತಿತು. ಒಂದೇ ತೊಂದರೆ: ಆಮೇಲೆ ಊರಿನ ಮಕ್ಕಳೆಲ್ಲ ಮೋಡಕ್ಕೆ ಹಂಬಲಿಸತೊಡಗಿದರು. ಬಿಸಿಲು ಸುಡುತ್ತಿದ್ದರೂ ಪಿಂಕಿ ಓಡಿ ಬರುವಳು: “ಅಪ್ಪಾ, ಅಗೋ ಅಲ್ಲಿ ಸಣ್ಣದೊಂದು ಮೋಡ ಆಗೇದ!”

ನಿನ್ನೆ ಕಮಿಟಿಗೆ ಒಂದು ಖಡಕ್ ಅರ್ಜಿ ಬರೆಯಲು ಕೈ ತುರಿಸಿತು. ಬರೆಯುತ್ತೇನೆ, ಆ ಆರು ಗಂಟೆ ಬದಲಾಗಲೇಬೇಕು. ಆದರೆ ಮೊದಲು ಭಡಂಗದ ಡಬ್ಬಿ ಎತ್ತಿಕೊಂಡು ಕೆಳಗಿಳಿದೆ. ಪಂಪಿನವನಿಗೆ ತಡೆಯಲು ಹೇಳಿ, ಮುಚ್ಚಳ ತೆಗೆದೆ, ಮುಚ್ಚಿದೆ, ಮೆಟ್ಟಿಲು ಹತ್ತಿದೆ. ಜೋಕಾಲಿಯ ಮಕ್ಕಳೆಲ್ಲ ಬೆನ್ನ ಹಿಂದೆ ಬಂದು ತೋಟ ಬರಿದಾಯಿತು. ಹುಲ್ಲಿನ ಮೇಲಿನ ಔಷಧಿ ಒಣಗುವವರೆಗೆ ಅವರೆಲ್ಲ ನಮ್ಮ ಮನೆಯಲ್ಲೇ; ಒಂದು ಚುರುಮುರಿಯೂ ನೆಲದ ಮೇಲೆ ಉಳಿಯಲಿಲ್ಲ.

ಹೋಗುವಾಗ ಒಬ್ಬಳು ಬಾಗಿಲಲ್ಲಿ ನಿಂತಳು. “ಮಾವಶಿ, ಮತ್ತ ಯಾವಾಗ ಔಷಧಿ ಹೊಡೀತಾರ್ರಿ?”

ಗೋಡೆಯ ಕ್ಯಾಲೆಂಡರಿನ ಹಾಳೆ ತಿರುವಿದೆ. ನನ್ನ ಬೆರಳು ತಾನಾಗಿ ತಿಥಿಯ ಸಾಲಿಗೆ ಹೋಯಿತು.

“ಮುಂದಿನ ತಿಂಗಳವಾ,” ಎಂದೆ. “ಅಷ್ಟಮಿ ಒಂದ ಬಿಟ್ಟು.”